ನಾ ಓಡಿ ಹೋಗಿದ್ದಿಲ್ಲ ಅಂತ ಬರಿ

ಹೋದ ತಿಂಗಳು ಊರಿಗೆ ಹೋದಾಗ ಎರಡು ಬ್ಲೌಸ್ ಹೊಲಿಯಲು ಕೊಟ್ಟೆ. ನಮ್ಮ ಓಣಿಯ ಕೊನೇ ಮನೆ. ಹೊಲಿಯುವವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅಳತೆ ತೆಗೆಯುತ್ತಾ, ಟೇಪು ಇನ್ನೂ ನನ್ನ ಭುಜದ ಮೇಲೆ ಇರುವಾಗಲೇ, "ಅಕ್ಕಾ, ನೀ ಫೋನಿನ್ಯಾಗ ಏನೇನೋ ಬರೀತೀಯಲ್ಲ, ನಂದೂ ಬರಿ" ಅಂದಳು. ಏನು ಬರೀಲಿ ಅಂದೆ. "ಹೆಸರು ಹಾಕಬ್ಯಾಡ. ಊರೂ ಬ್ಯಾಡ. ನಾ ಓಡಿ ಹೋಗಿದ್ದಿಲ್ಲ ಅಂತಷ್ಟ ಬರಿ."

ಅದಕ್ಕೇ ಇದು. ಹೆಸರಿಲ್ಲ, ಊರಿಲ್ಲ, ಗುರುತು ಸಿಗುವಂಥ ಒಂದೆರಡು ಸಂಗತಿ ಬದಲಿಸಿದ್ದೇನೆ. ಬೆಳಗಾವಿ ಜಿಲ್ಲೆ ಅಂತಷ್ಟೇ ಇಟ್ಟುಕೊಳ್ಳಿ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಒಂದು ಕಡೆ ತಿದ್ದಿಸಿದಳು, ಅದು ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

2014ರ ಫೆಬ್ರವರಿ. ಭಾರತ ಹುಣ್ಣಿಮೆ ಮುಗಿದ ವಾರ. ಅವಳಿಗೆ ಆಗ 16. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋಗಿದ್ದವು. ಅವಳ ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಇದ್ದರು, ಗ್ಯಾಂಗಿನ ಮುಕಾದಮನ ಹತ್ತಿರ ಮುಂಗಡ ತಗೊಂಡಿದ್ದು ತೀರಿರಲಿಲ್ಲ, ಮನೆಯಲ್ಲಿ ಇನ್ನೂ ಇಬ್ಬರು ಹೆಣ್ಣುಮಕ್ಕಳು. ಜಾತ್ರೆಗೆ ಬಂದವರ ಜೊತೆ ಒಬ್ಬ ಹೆಂಗಸು ಬಂದಿದ್ದಳು. ಅವರಿಗೆ ದೂರದ ಸಂಬಂಧ, ಯಾರದೋ ನಾದಿನಿ. ಮಹಾರಾಷ್ಟ್ರದ ಮಿರಜ ಕಡೆ ಇದ್ದವಳು, ಹಾಗಾಗಿ ಓಣಿಯಲ್ಲಿ ಎಲ್ಲರಿಗೂ ಮಿರಜ ಅತ್ತಿ. ಬಂದಾಗೆಲ್ಲ ಮಕ್ಕಳಿಗೆ ಪೇಢಾ ತರುತ್ತಿದ್ದಳು, ನಾನೂ ತಿಂದಿದ್ದೇನೆ. ಬ್ಯಾಗ್ ಹೊಲಿಯುವ ಕಾರ್ಖಾನೆ ಇದೆ, ಹುಡುಗಿಯರೇ ಇರುವ ರೂಮು, ಊಟ ಕೊಟ್ಟು ತಿಂಗಳಿಗೆ 8 ಸಾವಿರ ಅಂದಳು. ಹೊರಡುವ ದಿನ ಅವ್ವನ ಕೈಗೆ 15 ಸಾವಿರ ಇಟ್ಟಳು. "ಮುಂಗಡ ಅಂತ ತಿಳ್ಕೋ, ಪಗಾರದಾಗ ಮುರಕೊಳ್ತಾರ."

ಬಸ್‌ಸ್ಟ್ಯಾಂಡಿಗೆ ಕಳಿಸಲು ಅವಳ ಅವ್ವನೇ ಹೋಗಿದ್ದಳು. ಬುತ್ತಿ ಕಟ್ಟಿ ಕೊಟ್ಟಿದ್ದಳು. ರೊಟ್ಟಿ, ಶೇಂಗಾ ಚಟ್ನಿ. ಯಾರೂ ಅವಳ ಬಾಯಿಗೆ ಬಟ್ಟೆ ತುರುಕಿ ವ್ಯಾನಿನಲ್ಲಿ ಎಳೆದುಕೊಂಡು ಹೋಗಲಿಲ್ಲ. ಸಿನಿಮಾ ನೋಡಿ ನೋಡಿ ನಮ್ಮ ತಲೆಯಲ್ಲಿ ಕಳ್ಳಸಾಗಣೆ ಅಂದರೆ ಕಪ್ಪು ಗಾಜಿನ ವ್ಯಾನು. ಇಲ್ಲಿ ಮಧ್ಯಾಹ್ನದ ಕೆಂಪು ಬಸ್ಸು, ಟಿಕೆಟ್ ತೆಗೆದು, ಕಿಟಕಿ ಪಕ್ಕ ಕೂತು, ಕೈ ಬೀಸಿ ಹೋದಳು.

ಹತ್ತು ದಿನ ಫೋನು ಬಂತು. ಮತ್ತೆ ಸ್ವಿಚ್ ಆಫ್.

ಈಗ ನನ್ನ ಪಾಲಿನದ್ದು ಹೇಳಬೇಕು. ನಾನು ಆಗ ಡಿಗ್ರಿ ಕೊನೇ ವರ್ಷ. ಇಪ್ಪತ್ತು ದಿನ ಕಳೆದ ಮೇಲೆ ಓಣಿಯಲ್ಲಿ ಗುಸುಗುಸು ಶುರುವಾಯಿತು, ಕಾರ್ಖಾನೆಯಿಂದ ಯಾರ ಜೊತೆಗೋ ಓಡಿ ಹೋಗ್ಯಾಳಂತ. ಇದನ್ನು ಮೊದಲು ಹೇಳಿದ್ದು ಯಾರು ಗೊತ್ತಾ? ಮಿರಜ ಅತ್ತಿಯೇ. ಅವಳೇ ಫೋನು ಮಾಡಿ ಅಳುತ್ತಾ ಹೇಳಿದ್ದಳು, "ನಿಮ್ಮ ಹುಡುಗಿ ನನ್ನ ಮಾನಾ ಕಳೆದಳ್ರಿ, ಯಾವನೋ ಹುಡುಗನ ಕೂಡ ಹೋದಳ್ರಿ." ನಮ್ಮ ಮನೆಯಲ್ಲಿ ಈ ಮಾತು ಬಂದಾಗ ನಾನು ತುಪ್ಪ ಸುರಿದೆ. ಆ ಹುಡುಗಿ ಹೋಗುವ ಮುಂಚೆ ಮೊಬೈಲ್ ರೀಚಾರ್ಜ್ ಅಂಗಡಿಯ ಹುಡುಗನ ಹತ್ತಿರ ನಗುತ್ತಾ ಮಾತಾಡುವುದನ್ನು ಎರಡು ಸಲ ನೋಡಿದ್ದೆ ಅಂದೆ. ಸುಮ್ನೆ ಅಂದೆ. ನೋಡಿದ್ದು ನಿಜ, ಆದರೆ ಅದರಲ್ಲಿ ಏನೂ ಇರಲಿಲ್ಲ, ಅಂಗಡಿ ಹುಡುಗರ ಜೊತೆ ನಾನೂ ನಗುತ್ತಾ ಮಾತಾಡುತ್ತಿದ್ದೆ. ಎರಡು ದಿನದಲ್ಲಿ ಅವಳ ಕಾಕಂದಿರು ಆ ಹುಡುಗನನ್ನು ಅಂಗಡಿಯಿಂದ ಎಳೆದು ಹೊಡೆದರು. ಮುಂದಿನ ಹಲ್ಲು ಮುರಿಯಿತು. ಅವನು ಊರಲ್ಲೇ ಇದ್ದ ಅನ್ನುವುದನ್ನು ಯಾರೂ ಯೋಚಿಸಲಿಲ್ಲ! ಓಡಿ ಹೋದವಳ ಜೊತೆಗಾರ ಊರಲ್ಲೇ ಕೂತು ರೀಚಾರ್ಜ್ ಮಾಡುತ್ತಿದ್ದಾನೆ, ಇದು ಹೇಗೆ ಅಂತ ಒಬ್ಬರಾದರೂ ಕೇಳಬೇಕಿತ್ತು ಅಲ್ವಾ.

ಅವಳಪ್ಪ ಪೊಲೀಸ್ ಠಾಣೆಗೆ ಹೋಗಿದ್ದು ಅದಾದ ಮೇಲೆ. ಮೊದಲೇ ಹೋಗುತ್ತಿದ್ದರೇನೋ, ಮನೆಯ ಹಿರಿಯರು ಬೇಡ ಅಂದರು. ಉಳಿದ ಇಬ್ಬರು ಹೆಣ್ಣುಮಕ್ಕಳಿಗೆ ಸಂಬಂಧ ಬರೋದಿಲ್ಲ, ಮರ್ಯಾದಿ ಹೋಗ್ತದ. ಠಾಣೆಯಲ್ಲಿ ಮೊದಲ ಪ್ರಶ್ನೆ, "ಲವ್ ಕೇಸ್ ಏನ್ರೀ?" ಒಂದು ಚೀಟಿಯಲ್ಲಿ ಹೆಸರು, ವಯಸ್ಸು ಬರೆದುಕೊಂಡು, ಬರ್ತಾಳ ಬಿಡ್ರಿ ಅಂತ ಕಳಿಸಿದರು.

ಇಲ್ಲಿ ಸ್ವಲ್ಪ ಸಿಟ್ಟು ಮಾಡಿಕೊಳ್ಳುತ್ತೇನೆ, ತಡೆದುಕೊಳ್ಳಿ. 18 ತುಂಬದ ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್ಐಆರ್ ಹಾಕಲೇಬೇಕು, ಅಪಹರಣ ಅಥವಾ ಕಳ್ಳಸಾಗಣೆ ಆಗಿದೆ ಅಂತಲೇ ಇಟ್ಟುಕೊಂಡು ತನಿಖೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಆದೇಶ ಕೊಟ್ಟಿತ್ತು. ಮಕ್ಕಳ ದುಡಿಮೆ, ಕಳ್ಳಸಾಗಣೆ ವಿರುದ್ಧ ಕೆಲಸ ಮಾಡುವ ಬಚಪನ್ ಬಚಾವೋ ಆಂದೋಲನ ಸಂಸ್ಥೆ ಹಾಕಿದ್ದ ಅರ್ಜಿ ಅದು. ಅಂದರೆ ಇವಳಪ್ಪ ಠಾಣೆಯ ಬೆಂಚಿನ ಮೇಲೆ ಟೊಪ್ಪಿಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ ಹೊತ್ತಿಗೆ ಆ ಆದೇಶಕ್ಕೆ ಹತ್ತು ತಿಂಗಳಾಗಿತ್ತು. ಚೀಟಿಯಲ್ಲಿ ಬರೆದುಕೊಳ್ಳುವುದು ಆ ಆದೇಶದಲ್ಲಿ ಎಲ್ಲೂ ಇಲ್ಲ. ಇನ್ನೊಂದು, 24 ಗಂಟೆ ಕಾದು ಆಮೇಲೆ ದೂರು ಕೊಡಬೇಕು ಅಂತ ಈಗಲೂ ತುಂಬ ಜನ ನಂಬಿದ್ದಾರೆ. ಅಂಥ ನಿಯಮವೇ ಇಲ್ಲ. ನಮ್ಮ ಹದ್ದಿಗೆ ಬರಲ್ಲ, ಬೇರೆ ಠಾಣೆಗೆ ಹೋಗಿ ಅಂತಲೂ ಹೇಳುವ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ಜೀರೋ ಎಫ್ಐಆರ್ ಮಾಡಿಸಬಹುದು. ಆ ಮೊದಲ ಎರಡು ಮೂರು ದಿನದಲ್ಲೇ ಹುಡುಗಿ ಬಸ್ಸಿಂದ ಬಸ್ಸಿಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗಿ ಹೋಗುವುದು. ನಾವು ಆ ಮೂರು ದಿನವನ್ನು ಮರ್ಯಾದೆಗೆ ಕೊಟ್ಟುಬಿಡುತ್ತೇವೆ.

ಅವಳು ಎಲ್ಲಿದ್ದಳು? ಮೊದಲು ಮಿರಜದಲ್ಲಿ ಒಂದು ಮನೆ, ನಾಲ್ಕು ದಿನ. ಆಮೇಲೆ ಮುಂಬೈ ಹತ್ತಿರದ ಒಂದು ಊರು. ಅಲ್ಲಿ ವೇಶ್ಯಾವಾಟಿಕೆ ಮನೆ ನಡೆಸುವ ಹೆಂಗಸಿಗೆ ಘರ್‌ವಾಲಿ ಅಂತಾರೆ. ಆ ಘರ್‌ವಾಲಿ ಮಿರಜ ಅತ್ತಿಗೆ 70 ಸಾವಿರ ಕೊಟ್ಟಿದ್ದಳಂತೆ. ಆ 70 ಸಾವಿರ ಹುಡುಗಿಯ ತಲೆ ಮೇಲೆ ಸಾಲ. ಅವ್ವನಿಗೆ ಕೊಟ್ಟ 15 ಸಾವಿರವೂ ಬೇರೆಯಾಗಿ ಸೇರಿಕೊಂಡಿತು. ಸೀರೆಗೆ ಇಷ್ಟು, ಊಟಕ್ಕೆ ಇಷ್ಟು, ಜ್ವರ ಬಂದರೆ ಡಾಕ್ಟರಿಗೆ ಇಷ್ಟು. ಹೀಗೆ ಸಾಲ ತೀರುವವರೆಗೆ ಒಂದು ಪೈಸೆ ಇಲ್ಲದೆ ದುಡಿಯುವ ಹುಡುಗಿಗೆ ಆ ಬೀದಿಗಳಲ್ಲಿ ಛುಕ್ರಿ ಅನ್ನುತ್ತಾರೆ. ಸಾಲ ತೀರಿತು ಅಂತ ಘರ್‌ವಾಲಿ ಒಪ್ಪಿದ ಮೇಲೆ ಅಧಿಯಾ, ಅಂದರೆ ದುಡಿದದ್ದರಲ್ಲಿ ಅರ್ಧ ಅವಳದು, ಅರ್ಧ ಮನೆಯವಳದು. ಸಾಲ ಯಾವಾಗ ತೀರಿತು ಅಂತ ಹೇಳುವವರು ಯಾರು? ಲೆಕ್ಕದ ವಹಿ ಘರ್‌ವಾಲಿ ಹತ್ತಿರ. ಇವಳಪ್ಪನ ಲೆಕ್ಕ ಮುಕಾದಮನ ಹತ್ತಿರ ಇತ್ತಲ್ಲ, ಹಾಗೆಯೇ.

ನಾನು ಮೊದಲು ಬರೆದಿದ್ದರಲ್ಲಿ, ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು ಅಂತ ಇತ್ತು. ಅವಳು ತಿದ್ದಿಸಿದ್ದು ಅದನ್ನೇ. "ಬೀಗ ಮೊದಲ ತಿಂಗಳಷ್ಟ ಅಕ್ಕಾ. ಆಮ್ಯಾಲ ಬಾಗಲಾ ತಗದ ಇರತಿತ್ತು." ಮೊದಲ ತಿಂಗಳಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲು ತೆರೆದೇ ಇದ್ದರೂ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಯನ್ನು ಮಾತ್ರ ಊರಲ್ಲಿ ಎಷ್ಟು ಜನ ಅವಳಿಗೆ ಕೇಳಿದ್ದಾರೋ. ಅವಳ ಉತ್ತರ ಇದು: ಮಿರಜ ಅತ್ತಿ ಒಮ್ಮೆ ಅಲ್ಲಿಗೆ ಬಂದಿದ್ದಳಂತೆ. ಬಂದವಳು, "ನಿಮ್ಮ ಊರಾಗ ನೀ ಓಡಿ ಹೋಗೀದಿ ಅಂತ ಸುದ್ದಿ ಆಗ್ಯದ. ನಿಮ್ಮ ಕಾಕಂದಿರು ಆ ರೀಚಾರ್ಜಿನ ಹುಡುಗನ ಹಲ್ಲು ಮುರದಾರ. ಇನ್ ಹೋದರ ನಿನಗ ಯಾರ ಬಾಗಲಾ ತಗೀತಾರ?" ಅಂದಳಂತೆ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೇಳಿದ ಒಂದು ಮಾತು ಅಷ್ಟು ದೂರ ಹೋಗಿ ಅವಳ ಬಾಗಿಲಿಗೆ ಬೀಗವಾಗಿತ್ತು.

ಅವಳು ಬಂದದ್ದು ಹದಿನಾಲ್ಕು ತಿಂಗಳಾದ ಮೇಲೆ, ಪೊಲೀಸರು ಮತ್ತು ಒಂದು ಸಂಸ್ಥೆಯವರು ಸೇರಿ ಮಾಡಿದ ದಾಳಿಯಲ್ಲಿ. ಅದು ಅವಳಿಗಾಗಿ ಮಾಡಿದ ದಾಳಿಯಲ್ಲ, ಬೇರೊಬ್ಬಳನ್ನು ಹುಡುಕಿಕೊಂಡು ಬಂದಿದ್ದರು, ಇವಳೂ ಸಿಕ್ಕಳು. ಆಮೇಲೆ ಬಾಲಮಂದಿರ, ಅದೂ ಬೀಗವೇ ಅನ್ನುತ್ತಾಳೆ, ಆದರೆ ಹೊಲಿಗೆ ಕಲಿತದ್ದು ಅಲ್ಲೇ.

ನಮ್ಮ ಕಡೆಯಿಂದಲೇ ಯಾಕೆ ಇಷ್ಟು ಜನ ಆ ದಾರಿಯಲ್ಲಿ ಹೋಗುತ್ತಾರೆ ಅಂತ ಕೇಳಬಹುದು. ದಾರಿ ಹಳೆಯದು. ಇವಳದು ದೇವದಾಸಿ ಮನೆತನವಲ್ಲ, ಆದರೆ ದಾರಿ ಮಾಡಿದ್ದು ಆ ಪದ್ಧತಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಮುತ್ತು ಕಟ್ಟಿದ, ಅಂದರೆ ದೇವರ ಹೆಸರಲ್ಲಿ ಬಿಟ್ಟ ಹುಡುಗಿಯರು, ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರು, ಎಷ್ಟೋ ಕಾಲದಿಂದ ಸಾಂಗಲಿ, ಮಿರಜ, ಪುಣೆ, ಮುಂಬೈಗೆ ಹೋಗುತ್ತಿದ್ದರು. ನಮ್ಮದು ಆಗ ಮುಂಬೈ ಪ್ರಾಂತ್ಯ, 1934ರಲ್ಲೇ ಅಲ್ಲಿ ಮುತ್ತು ಕಟ್ಟುವುದನ್ನು ತಡೆಯುವ ಕಾನೂನು ಬಂದಿತ್ತು. ಕರ್ನಾಟಕ ಸರಕಾರ 1982ರಲ್ಲಿ ತನ್ನದೇ ಕಾನೂನು ಮಾಡಿತು. ಮುತ್ತು ಕಟ್ಟಿದವರು ತಂದೆ ತಾಯಿಯೋ ಸಂಬಂಧಿಕರೋ ಆಗಿದ್ದರೆ ಅದರಲ್ಲಿ ಶಿಕ್ಷೆ ಇನ್ನೂ ಜಾಸ್ತಿ ಇಟ್ಟಿದ್ದರು, 2ರಿಂದ 5 ವರ್ಷ. ಮನೆಯವರೇ ಮಾಡುತ್ತಾರೆ ಅಂತ ಆ ಕಾನೂನು ಬರೆದವರಿಗೆ ಗೊತ್ತಿತ್ತು. ಅದಾದ ಮೇಲೂ 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಮತ್ತೆ 23,787 ಮಂದಿ ದೇವದಾಸಿಯರನ್ನು ಸರಕಾರ ಗುರುತಿಸಿತು. ಈಗ ಮುತ್ತು ಕಟ್ಟುವುದು ಕಡಿಮೆಯಾಗಿದೆ, ಕಟ್ಟಿದರೂ ಕದ್ದು ಮುಚ್ಚಿ. ಆದರೆ ಪರಿಚಯದವರು, ಆ ಊರಲ್ಲಿ ಈಗಾಗಲೇ ಇರುವ ಸಂಬಂಧಿಕರು, ಜಾತ್ರೆಗೆ ಬಂದು ಹೋಗುವ ಅತ್ತಿಗಳು, ಈ ಜಾಲ ಹಾಗೇ ಉಳಿದಿದೆ. ಮುತ್ತಿನ ಜಾಗದಲ್ಲಿ ಕಾರ್ಖಾನೆ ಕೆಲಸ ಬಂದಿದೆ ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ. ಸಾಂಗಲಿಯಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಅಂತ ಇದೆ, ವ್ಯಾಂಪ್ ಅನ್ನುತ್ತಾರೆ, 1996ರಲ್ಲಿ ಆ ಕೆಲಸದಲ್ಲೇ ಇದ್ದ ಹೆಂಗಸರು ಕಟ್ಟಿಕೊಂಡದ್ದು. ತುಂಬ ಜನ ನಮ್ಮ ಕಡೆಯವರೇ, ಮನೆಮಾತು ಕನ್ನಡ. ನಾವು ದೊಡ್ಡವರು, ಇದು ನಮ್ಮ ದುಡಿಮೆ, ನಮ್ಮನ್ನೆಲ್ಲ ಕಳ್ಳಸಾಗಣೆಯಾದವರು ಅಂತ ಹಿಡಿದು ಹಾಕಬೇಡಿ ಅನ್ನುವುದು ಅವರ ವಾದ. ಅದನ್ನು ಕೇಳಿಸಿಕೊಳ್ಳಲೇಬೇಕು. ದಾಳಿ ಮಾಡಿ ಎಲ್ಲರನ್ನೂ ಒಂದೇ ಗಾಡಿಯಲ್ಲಿ ತುಂಬುವುದರಿಂದ ಅವರಿಗೆ ಆದ ಕಷ್ಟ ಕಡಿಮೆಯದಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿತು, 18 ದಾಟಿದವರು ತಮ್ಮ ಒಪ್ಪಿಗೆಯಿಂದ ಆ ಕೆಲಸದಲ್ಲಿದ್ದರೆ ಪೊಲೀಸರು ಪೀಡಿಸಬಾರದು, ತಾಯಿಯಿಂದ ಮಗುವನ್ನು ಬೇರೆ ಮಾಡಬಾರದು. ನನಗೆ ಇದರಲ್ಲಿ ಗೊಂದಲ ಇಲ್ಲ. 16 ವರ್ಷದ ಹುಡುಗಿಯನ್ನು ಬ್ಯಾಗ್ ಹೊಲಿಯುವ ಕೆಲಸ ಅಂತ ಕರೆದುಕೊಂಡು ಹೋಗಿ 70 ಸಾವಿರಕ್ಕೆ ಕೊಟ್ಟದ್ದಕ್ಕೂ ಆ ವಾದಕ್ಕೂ ಸಂಬಂಧವೇ ಇಲ್ಲ.

ಕಾನೂನಿಗೂ ಗೊಂದಲ ಇಲ್ಲ. ಸಂವಿಧಾನದ 23ನೇ ವಿಧಿಯೇ ಮನುಷ್ಯರನ್ನು ಮಾರುವುದನ್ನು ನಿಷೇಧಿಸಿದೆ. ಮೊದಲು ಐಪಿಸಿ 370 ಇತ್ತು, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143. ಕರೆದುಕೊಂಡು ಹೋದವರು, ಸಾಗಿಸಿದವರು, ಒಂದು ರಾತ್ರಿ ಮನೆಯಲ್ಲಿ ಇರಿಸಿಕೊಂಡವರು, ಕೊನೆಗೆ ಪಡೆದುಕೊಂಡವರು, ಎಲ್ಲರೂ ಅದರೊಳಗೆ ಬರುತ್ತಾರೆ. ಕನಿಷ್ಠ 7 ವರ್ಷ, ಬಲಿಯಾದದ್ದು 18 ತುಂಬದವರಾದರೆ 10 ವರ್ಷದಿಂದ ಜೀವಾವಧಿ. "ಅವಳೇ ಒಪ್ಪಿ ಬಂದಿದ್ದಳು" ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ, ಬಲಿಯಾದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಮುಂದಿನ ಕಲಮು 144 ಇನ್ನೂ ಮುಖ್ಯ, ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಳ್ಳಸಾಗಣೆಯಾಗಿ ಬಂದವಳು ಅಂತ ಗೊತ್ತಿದ್ದೂ, ಅಥವಾ ಗೊತ್ತಾಗುವಂತೆ ಇದ್ದೂ ಅವಳನ್ನು ಬಳಸಿಕೊಂಡವನಿಗೂ ಜೈಲು. ದುಡ್ಡು ಕೊಟ್ಟು ಬರುವ ಗಂಡಸಿನ ಬಗ್ಗೆ ನಮ್ಮ ಓಣಿಯಲ್ಲಿ ಯಾವತ್ತೂ ಗುಸುಗುಸು ಆಗಿಲ್ಲ ನೋಡಿ.

ಮತ್ತೆ ಇದು ಉತ್ತರ ಕರ್ನಾಟಕದ ಹಳ್ಳಿಯ ಕಥೆ ಅಂತ ಬೆಂಗಳೂರಿನವರು ನಿಟ್ಟುಸಿರು ಬಿಡಬೇಡಿ. ಹುಡುಗಿಯರನ್ನು ಬೆಂಗಳೂರಿಗೂ ತರುತ್ತಾರೆ! 2021ರಲ್ಲಿ ರಾಮಮೂರ್ತಿನಗರದಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ವಿಡಿಯೊ ಹರಿದಾಡಿತ್ತಲ್ಲ, ಅವಳನ್ನು ಕೆಲಸದ ಆಸೆ ತೋರಿಸಿಯೇ ಗಡಿ ದಾಟಿಸಿದ್ದರು. ಟಿಕ್‌ಟಾಕ್‌ನಲ್ಲಿ ಪರಿಚಯ ಮಾಡಿಕೊಂಡು ಹುಡುಗಿಯರನ್ನು ಸೆಳೆಯುತ್ತಿದ್ದ ಜಾಲ ಅಂತ ಬಾಂಗ್ಲಾದೇಶದ ಪೊಲೀಸರು ಹೇಳಿದರು. ಮರುವರ್ಷ ಇಲ್ಲಿಯ ಕೋರ್ಟು ಏಳು ಜನರಿಗೆ ಜೀವಾವಧಿ ಕೊಟ್ಟಿತು. ನಮ್ಮ ಮಿರಜ ಅತ್ತಿ ಪೇಢಾ ತಂದಳು, ಅವರು ರೀಲು ತೋರಿಸಿದರು. ಈಗ ಹೊಸದಾಗಿ ಸ್ಪಾ ಕೆಲಸ, ಮಾಡೆಲಿಂಗ್, ದುಬೈಯಲ್ಲಿ ಮನೆಗೆಲಸ, ವರದಕ್ಷಿಣೆಯೂ ಬೇಡ ಮದುವೆ ಖರ್ಚೂ ನಮ್ಮದೇ ಅನ್ನುವ ದೂರದೂರಿನ ವರ. ಕೊಡುವವರು ಆತುರ ಮಾಡುತ್ತಿದ್ದರೆ, ಮೊದಲೇ ದುಡ್ಡು ಕೊಡುತ್ತಿದ್ದರೆ, ಕೆಲಸದ ಜಾಗದ ವಿಳಾಸ ಕೇಳಿದರೆ ಮಾತು ತೇಲಿಸುತ್ತಿದ್ದರೆ, ಆಧಾರ್ ಕಾರ್ಡು ನನ್ನ ಹತ್ತಿರವೇ ಇರಲಿ ಅಂದರೆ, ಕಳಿಸುವ ಮುಂಚೆ ಒಬ್ಬರು ಹೋಗಿ ನೋಡಿ ಬನ್ನಿ. ಬಸ್ ಚಾರ್ಜು ದಂಡವಾದರೆ ಆಗಲಿ.

ಬಸ್ಸಲ್ಲೋ ರೈಲಲ್ಲೋ ಲಾಡ್ಜಿನ ಹತ್ತಿರವೋ ಏನೋ ಸರಿಯಿಲ್ಲ ಅನಿಸಿದರೆ ನೀವೇ ಹೋಗಿ ಜಗಳಕ್ಕೆ ನಿಲ್ಲಬೇಡಿ, ತಲೆಹಿಡುಕರು ಒಬ್ಬೊಬ್ಬರೇ ಇರುವುದಿಲ್ಲ, ನೀವು ಕೂಗಾಡಿದ ಕೂಡಲೇ ಹುಡುಗಿಯನ್ನು ಬೇರೆ ಕಡೆ ಸಾಗಿಸುತ್ತಾರೆ. 112ಕ್ಕೆ ಮಾಡಿ. ಮಕ್ಕಳಾದರೆ 1098, ಹೆಂಗಸರಾದರೆ 181, ರೈಲಿನಲ್ಲಾದರೆ 139. ನಿಮಗೆ ಅನಿಸಿದ್ದು ತಪ್ಪಾಗಿದ್ದರೂ ಪರವಾಗಿಲ್ಲ. ಮೈಸೂರಿನಲ್ಲಿ ಒಡನಾಡಿ ಇದೆ, ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶು ಕಟ್ಟಿದ್ದು, ಈ ಕೆಲಸದಲ್ಲಿ ಮೂರು ದಶಕ ಕಳೆದವರು. ಮತ್ತೆ ದಯವಿಟ್ಟು, ಪಾರಾಗಿ ಬಂದ ಹುಡುಗಿಯ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. "ಪಾಪ" ಅಂತ ಬರೆದು ಹಾಕಿದರೂ ಬೇಡ. ಇಂಥ ಪ್ರಕರಣದಲ್ಲಿ ಗುರುತು ಬಯಲು ಮಾಡುವುದು ಅಪರಾಧ.

ಅವಳ ಬಗ್ಗೆ ಇನ್ನು ಸ್ವಲ್ಪ. ವಾಪಸ್ ಬಂದಾಗ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ತೆಗೆಸಿಬಿಟ್ಟಿದ್ದರು. ಮತ್ತೆ ಸೇರಿಸಲು ಒಂದು ವರ್ಷ ಓಡಾಡಿದಳು. ಇಂಥವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪರಿಹಾರದ ಹಣ ಕೇಳಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಈಗ ಅರ್ಜಿ ಹಾಕಿಸಿದ್ದೇವೆ. ಮಿಷನ್ನು ಅವಳೇ ದುಡಿದು ತಗೊಂಡದ್ದು. ಓಣಿಯ ಅರ್ಧ ಹೆಂಗಸರ ಬ್ಲೌಸು ಅವಳೇ ಹೊಲಿಯುತ್ತಾಳೆ, ಆ ಬ್ಲೌಸು ಹಾಕಿಕೊಂಡು ಹೋಗುವ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದಿಲ್ಲ.

ರೀಚಾರ್ಜ್ ಅಂಗಡಿಯ ಹುಡುಗ ಈಗ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವಳ ಅರ್ಜಿಯ ಕಾಗದಗಳನ್ನು ಅಲ್ಲೇ ತೆಗೆಸಿದೆ. ಏನೋ ಹೇಳಬೇಕು ಅಂತ ನಿಂತೆ, ಹೇಳಲಾಗಲಿಲ್ಲ. ಹನ್ನೆರಡು ರೂಪಾಯಿ ಅಂದ, ಕೊಟ್ಟೆ.

ಮಿರಜ ಅತ್ತಿಗೆ ಜಾಮೀನು ಸಿಕ್ಕಿ ವರ್ಷಗಳಾದವು. ಕೇಸು ಇನ್ನೂ ನಡೆದಿದೆ, ಇವಳು ಸಾಕ್ಷಿ ಹೇಳಲು ಐದು ಸಲ ಬಸ್ಸು ಹತ್ತಿದ್ದಾಳೆ, ಮೂರು ಸಲ ಮುಂದಕ್ಕೆ ಹಾಕಿದರು. ಈ ವರ್ಷದ ಜಾತ್ರೆಗೂ ಅತ್ತಿ ಬಂದಿದ್ದಳಂತೆ, ಕೈಯಲ್ಲಿ ಪೇಢಾದ ಪೊಟ್ಟಣ. ಓಣಿಯಲ್ಲಿ ಮೂರು ಮನೆಯವರು ಕೂರಿಸಿ ಚಹಾ ಕೊಟ್ಟರು. ಅದರಲ್ಲಿ ಒಂದು ನಮ್ಮ ಮನೆ.